ಕಂಬಳಿ ಇಟ್ಟು ಒಯ್ದ ಫೋನು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ, ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಬರೆದ ಮೇಲೆ. ವಾರ್ಷಿಕ ಪರೀಕ್ಷೆ ಬರೆಯಲಿಲ್ಲ. ಅಪ್ಪನ ಸೊಂಟ ಬಿದ್ದುಹೋಗಿತ್ತು, ಮನೆಗೆ ದುಡಿಯುವ ಕೈ ಬೇಕಿತ್ತು, ಅಷ್ಟೇ. ಇದನ್ನು ಅತ್ತುಕೊಂಡು ಹೇಳುವವನಲ್ಲ ನಾನು. ಶಿರಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಸಾಬರೊಬ್ಬರ ಅಂಗಡಿಯಲ್ಲಿ ಕಸ ಗುಡಿಸುವುದರಿಂದ ಶುರು ಮಾಡಿ ಬೆಸುಗೆ ಹಾಕುವುದನ್ನು ಕಲಿತೆ. "ಅಚ್ಛಾ ಹಾತ್ ಹೈ ರೇ" ಎಂದು ಉಸ್ತಾದರು ನನ್ನ ಕೈಯನ್ನು ಹೊಗಳಿದ ದಿನ ನನಗೆ ಸರ್ಟಿಫಿಕೇಟು ಸಿಕ್ಕಿತು ಎಂದೇ ತಿಳಿದುಕೊಂಡೆ. ರೇಡಿಯೋ ಹೋಯಿತು, ಟೇಪ್ ರೆಕಾರ್ಡರ್ ಹೋಯಿತು, ಮೊಬೈಲು ಬಂತು. ಬುಕ್ಕಾಪಟ್ಟಣದ ಬಸ್ ನಿಲ್ಲುವ ಜಾಗದಲ್ಲಿ ಒಂದು ಮಳಿಗೆ ಹಿಡಿದು 'ಸೇಲ್ಸ್ ಅಂಡ್ ಸರ್ವಿಸ್' ಎಂಬ ಬೋರ್ಡನ್ನು ನಾನೇ ಬರೆದು ನಾನೇ ಹತ್ತಿ ಕಟ್ಟಿದೆ.

ಇಷ್ಟು ಹೇಳಿದ್ದು ಯಾಕೆಂದರೆ, ಫೋನಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದವನು ನಾನು. ಅಂಥವನ ಅಂಗಡಿ ಬೆಂಚಿನ ಮೇಲೆ ಒಬ್ಬರು ಮೂರು ವರ್ಷ ಕೂತು, ನಾನು ಮಾರುವ ಫೋನುಗಳಿಗೆಲ್ಲ ತೀರ್ಪು ಕೊಟ್ಟರು. ಹೋದ ಶ್ರಾವಣದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಯಜಮಾನರು ಎಂದೇ ಎಲ್ಲರೂ ಅನ್ನುತ್ತಿದ್ದದ್ದು. ಅವರೂ ನನ್ನನ್ನು ಒಂದು ದಿನವೂ ಹೆಸರಿನಿಂದ ಕರೆಯಲಿಲ್ಲ. "ಲೇ ರಿಪೇರಿ" ಎಂದರೆ ನಾನು ತಿರುಗಬೇಕು.

ಊರಾಚೆಯ ಹಟ್ಟಿಯವರು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವರು. ತಲೆಗೆ ಕೆಂಪು ರುಮಾಲು, ಹೆಗಲಿಗೆ ಕರಿಕಂಬಳಿ, ಕೈಯಲ್ಲಿ ತಮಗಿಂತ ಉದ್ದದ ಕೋಲು. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕಿವಿಯ ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದರು. ಏನು ಕೊಬ್ಬು ಈ ಮನುಷ್ಯನಿಗೆ ಎಂದು ಮೊದಲು ನನಗೆ ಸಿಟ್ಟು ಬಂದದ್ದುಂಟು.

ಬೆಂಚಿನ ಮೇಲೆ ಕೂತಿರುತ್ತಿದ್ದ ಕಾಲದ ಒಂದು ಮಾತು ಹೇಳುತ್ತೇನೆ. ಕ್ಯಾತಗಾನಚೆರ್ಲಿನ ಕಡೆಯಿಂದ ಒಬ್ಬ ಬಂದಿದ್ದ. ಬಿಸಿಲಿನಿಂದ ಕರೆಂಟು ತೆಗೆಯುವ ಸೋಲಾರ್ ಪ್ಲೇಟುಗಳ ನಡುವೆ ಕಾವಲು ಕಾಯುವವನು, ಇಲ್ಲಿಗೆ ನಂಟರ ಮನೆಗೆ ಬಂದವನು. ಚಾರ್ಜು ನಿಲ್ಲುವುದಿಲ್ಲ, ದೊಡ್ಡ ಬ್ಯಾಟರಿಯ ಹೊಸ ಫೋನು ಬೇಕು ಎಂದ. ನಾನು ಡಬ್ಬಿ ತೆಗೆಯುವಷ್ಟರಲ್ಲಿ ಬೆಂಚಿನಿಂದ ದನಿ ಬಂತು.

"ಬಿಸಿಲು ಮಾರೋ ಊರೋನು ನೀನು, ಚಾರ್ಜಿಲ್ಲ ಅಂತ ಇಲ್ಲಿಗೆ ಬಂದಿದೀಯಾ? ಎಲ್ಲಿ, ಹಳೇದು ಕೊಡಿಲ್ಲಿ."

ಹಳೆಯ ಫೋನನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಅದರ ಬೆನ್ನು ಸವರಿದರು. "ಮೈ ಸುಡ್ತೈತೆ. ಒಳಗೇನೋ ಕುಣೀತಾ ಐತೆ ಕಣ್ಲಾ ರಿಪೇರಿ, ನೋಡು."

ನೋಡಿದೆ. ಆಟದ ಆ್ಯಪುಗಳು ಒಂದರ ಮೇಲೊಂದು ಓಡುತ್ತಿದ್ದವು. ತೆಗೆದುಹಾಕಿದೆ. ಅವನು ಹೊಸದನ್ನು ಕೊಳ್ಳದೆ ಹೋದ. ನನ್ನ ವ್ಯಾಪಾರ ಹೋಯಿತು ಎಂದು ನಾನು ಮುಖ ಗಂಟಿಕ್ಕಿದರೆ, "ಮುಂದಿನ ಸಲ ಅವ್ನು ಎಲ್ಲಿಗೆ ಬತ್ತಾನೆ ಹೇಳು?" ಎಂದರು. ಎಲ್ಲ ಸಲವೂ ಅವರ ಮಾತು ಸರಿಯಾಗುತ್ತಿತ್ತು ಎಂದೇನಲ್ಲ. ಕಪ್ಪು ಬಣ್ಣದ ಫೋನು ಗಟ್ಟಿ, ಬಿಳಿಯದು ಮೆದು ಎಂದು ಕೊನೆಯವರೆಗೂ ವಾದ ಮಾಡಿದರು. ಒಳಗಿನ ಸಾಮಾನು ಎರಡಕ್ಕೂ ಒಂದೇ ಎಂದು ನಾನು ಬಿಚ್ಚಿ ತೋರಿಸಿದರೂ ಒಪ್ಪಲಿಲ್ಲ. "ಕುರೀಲೂ ಒಳಗೆ ಒಂದೇ ಕಣ್ಲಾ. ಆದ್ರೂ ಕರೀದೇ ಚಳಿ ತಡಿಯಾದು" ಎಂದುಬಿಟ್ಟರು.

ಅವರು ನನ್ನ ಅಂಗಡಿಗೆ ಮೊದಲು ಬಂದದ್ದು ಸಂತೆಯ ದಿನ. ಜನ ಗಿಜಿಗುಡುತ್ತಿದ್ದರು. ಬಾಗಿಲಲ್ಲೇ ನಿಂತು, ಎಲ್ಲರ ತಲೆಯ ಮೇಲಿಂದ ಕೇಳಿದರು.

"ಲೇ ರಿಪೇರಿ, ದೂರ ಕಾಣೋ ಫೋನೈತೇನ್ಲಾ?"

"ಫೋನಿರಾದು ಮಾತಾಡಾಕೆ ಯಜಮಾನ್ರೇ. ದೂರ ನೋಡಾಕೆ ದುರ್ಬೀನು ತಗಳಿ."

"ದುರ್ಬೀನು ನೋಡಿದೀನಿ. ಅದು ಎಲ್ಡು ಕಣ್ಣು ಕೇಳ್ತದೆ. ನನ್ನತ್ರ ಅಷ್ಟಿಲ್ಲ."

ಎಲ್ಲರೂ ನಕ್ಕರು. ಅವರೂ ನಕ್ಕರು. ಜನ ಕರಗಿದ ಮೇಲೆ ಬೆಂಚಿನ ಮೇಲೆ ಕೂತು ಸಂಗತಿ ಹೇಳಿದರು. ಮಧುಗಿರಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಎರಡೂ ಕಣ್ಣುಗಳ ನಡುಭಾಗ ಸವೆದುಹೋಗಿದೆ, ಇದು ಪೊರೆಯಲ್ಲ, ಆಪರೇಷನ್ನಿಗೆ ಬರುವುದಿಲ್ಲ, ಅಂಚು ಮಾತ್ರ ಉಳಿಯುತ್ತದೆ ಎಂದಿದ್ದರಂತೆ. ನೇರ ನೋಡಿದರೆ ಎದುರಿಗಿದ್ದದ್ದು ಮಸಿ ಬಳಿದಂತೆ, ಪಕ್ಕಕ್ಕೆ ನೋಡಿದರೆ ಸ್ವಲ್ಪ ಕಾಣುತ್ತದೆ. ನನ್ನ ಕಿವಿ ನೋಡುತ್ತಿದ್ದದ್ದು ಕೊಬ್ಬಿನಿಂದಲ್ಲ, ನನ್ನನ್ನು ಕಾಣುವುದಕ್ಕೆ ಎಂದು ಆಗ ಗೊತ್ತಾಯಿತು.

ಹಿಂದಿನ ತಿಂಗಳು ಸಂಜೆ ಮಂದೆ ಹೊಡೆದುಕೊಂಡು ಬರುವಾಗ ಎರಡು ಮರಿ ಗುಡ್ಡದಲ್ಲೇ ಉಳಿದುಬಿಟ್ಟಿದ್ದವು. ಕಲ್ಲು ಯಾವುದು, ಮರಿ ಯಾವುದು ಎಂದು ಅವರಿಗೆ ತಿಳಿದಿರಲಿಲ್ಲ. ಬೆಳಿಗ್ಗೆ ಹೋದರೆ ತೋಳ ತನ್ನ ಕೆಲಸ ಮುಗಿಸಿತ್ತು. ಅವತ್ತು ಅಜ್ಜಿ, ಅಂದರೆ ಅವರ ಹೆಂಡತಿ, ಒಂದು ಮಾತು ಹೇಳಿದ್ದರು. ಇನ್ನೊಂದೇ ಒಂದು ಕುರಿ ಗುಡ್ಡದಲ್ಲಿ ಉಳಿದರೂ ಸರಿ, ಮಂದೆ ಮಾರಿಬಿಡಬೇಕು.

"ಮಂದೆ ಮಾರುದ್ರೆ ನಾನೇನ್ಲಾ ಮಾಡ್ಲಿ? ಜಗಲಿ ಮ್ಯಾಲೆ ಕುಂತು ನೊಣ ಹೊಡೀಲಾ?"

ಗುಡ್ಡಕ್ಕೆ ಚಿಂಕಾರ ಎಂಬ ಸಣ್ಣ ಜಿಂಕೆ ನೋಡಲು ಬಂದ ಬೈಕಿನವರೊಬ್ಬರು ತಮ್ಮ ಫೋನಿನಲ್ಲಿ ಎದುರು ಗುಡ್ಡದ ಚಿಂಕಾರದ ಕೊಂಬನ್ನು ಇವರಿಗೆ ತೋರಿಸಿದ್ದರಂತೆ. ಅಂಥದ್ದು ಒಂದಿದ್ದರೆ ಮಂದೆ ಉಳಿಸಿಕೊಳ್ಳಬಹುದು ಎಂಬುದು ಅವರ ಲೆಕ್ಕ.

ನನ್ನ ಹತ್ತಿರ ಒಂದಿತ್ತು. ಆ ವರ್ಷದ ದೊಡ್ಡ ಫೋನು. ನಾನು ಶುರು ಹಚ್ಚಿಕೊಂಡೆ. ನಾಲ್ಕು ಕ್ಯಾಮೆರಾ, ದೂರದ್ದನ್ನು ಎಳೆದು ತೋರಿಸುವ ಜೂಮು, ಬೆರಳಿಟ್ಟರೆ ತೆರೆಯುತ್ತದೆ, ಮುಖ ಕಂಡರೆ ತೆರೆಯುತ್ತದೆ, ನೀರು ಬಿದ್ದರೂ ಕೆಡುವುದಿಲ್ಲ, ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ಅವರು ನನ್ನ ಮಾತಿಗೆ ಕಿವಿಯನ್ನೇ ಕೊಡಲಿಲ್ಲ. ಫೋನನ್ನು ಅಂಗೈ ಮೇಲಿಟ್ಟು ತೂಕ ನೋಡಿದರು. ಟಗರಿನ ಬೆನ್ನುಮೂಳೆ ಒತ್ತುವಂತೆ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಮೂಗಿನ ಹತ್ತಿರ ಹಿಡಿದರು.

"ಕಣ್ಣು ನಾಕೈತೆ. ಬಾಯೆಲ್ಲಿ?"

ಚಾರ್ಜು ಹಾಕುವ ತೂತು ತೋರಿಸಿದೆ.

"ಇಷ್ಟೇ ಇಷ್ಟು ಬಾಯಾ? ಇಷ್ಟು ದೊಡ್ಡ ಮೈ ಇಟ್ಕಂಡು ಇದು ಯಾವಾಗ್ಲಾ ಹೊಟ್ಟೆ ತುಂಬಿಸ್ಕಂತದೆ?"

ಆಮೇಲೆ ಕೇಳಿದ್ದು ನನಗೆ ನುಂಗಲಾಗದ ಮಾತು. ಫೋನನ್ನು ಒಂದು ರಾತ್ರಿ ಹಟ್ಟಿಗೆ ಒಯ್ಯುತ್ತೇನೆ, ಸರಿ ಕಂಡರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ವಾಪಸು ಎಂದರು. ಅವರ ಕಡೆ ಪದ್ಧತಿ ಹಾಗೆ. ಗೊತ್ತಿಲ್ಲದ ಮಂದೆಯಿಂದ ಟಗರು ಕೊಂಡರೆ ಮೊದಲು ಒಂದು ರಾತ್ರಿ ತಮ್ಮ ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯಲ್ಲಿ, ಕಟ್ಟಿ ನೋಡುತ್ತಾರೆ. ಹೊಸ ಜಾಗದಲ್ಲಿ ಮೇವು ಮುಟ್ಟುತ್ತದೋ, ಮೆಲುಕು ಹಾಕುತ್ತದೋ, ಬೇರೆಯವನ್ನು ಗುದ್ದುತ್ತದೋ ಎಂದು ನೋಡಿಕೊಂಡೇ ವ್ಯಾಪಾರ ಮುಗಿಸುವುದು.

"ಯಜಮಾನ್ರೇ, ಇದು ಕುರಿಯಲ್ಲ. ಒಂದ್ಸಲ ಬಳಸಿದ್ರೆ ಹೊಸದು ಅಂತ ಮಾರಾಕಾಗಲ್ಲ."

"ಕುರೀನೇ ಒಂದು ರಾತ್ರಿ ಕಟ್ಟಿ ನೋಡ್ತೀವಿ. ಇದು ಕುರಿಗಿಂತ ಜಾಸ್ತಿ ಬೆಲೇದು. ಎಲ್ಡು ರಾತ್ರಿ ಕಟ್ಬೇಕು, ಆದ್ರೆ ಒಂದ್ರಾಗೆ ಸುಧಾರಿಸ್ತೀನಿ."

ಎಂದವರೇ ಹೆಗಲ ಮೇಲಿನ ಕಂಬಳಿ ತೆಗೆದು ಮಡಿಸಿ ನನ್ನ ಗಾಜಿನ ಬೀರುವಿನ ಮೇಲೆ ಇಟ್ಟರು. ಅಂಗಡಿಯಲ್ಲಿದ್ದ ಇಬ್ಬರು ಹಟ್ಟಿಯವರು ಮಾತು ನಿಲ್ಲಿಸಿದರು. ಕುರಿ ಕಾಯುವವರ ಮನೆಗಳಲ್ಲಿ ಕಂಬಳಿ ಎಂದರೆ ಹೊದೆಯುವ ಬಟ್ಟೆ ಮಾತ್ರವಲ್ಲ. ಮದುವೆಯ ಮಾತು ಅದರ ಮೇಲೆ, ಪಂಚಾಯ್ತಿ ಅದರ ಮೇಲೆ. ಕಂಬಳಿ ಇಟ್ಟು ಒಯ್ದ ವಸ್ತುವಿಗೆ ಬೇರೆ ಜಾಮೀನು ಕೇಳಿದರೆ ಕೇಳಿದವನೇ ಸಣ್ಣವನಾಗುತ್ತಾನೆ. ನಾನು ಕೇಳಲಿಲ್ಲ. ಕಂಬಳಿಯನ್ನು ಮೊಳೆಗೆ ತೂಗುಹಾಕಿದೆ. ಅಂಗಡಿಯೆಲ್ಲ ಕುರಿರೊಪ್ಪದ ವಾಸನೆ.

ಮಾರನೆಯ ದಿನ ಹೊತ್ತು ಇಳಿಯುವಾಗ ಬಂದರು. ಫೋನನ್ನು ಬೀರುವಿನ ಮೇಲೆ ಇಟ್ಟ ರೀತಿಯಲ್ಲೇ ತೀರ್ಪು ಗೊತ್ತಾಯಿತು.

"ಇದು ಬ್ಯಾಡ ಕಣ್ಲಾ."

"ಏನಾಯ್ತು?"

"ಬೆರಳಿಡು ಅಂದೆ, ಇಟ್ಟೆ. ನೀನ್ಯಾರು ಅಂತು." ಕೈ ಚಾಚಿ ತೋರಿಸಿದರು. ಹಗ್ಗ, ಉಣ್ಣೆ, ಕೋಲು ಉಜ್ಜಿ ಉಜ್ಜಿ ಬೆರಳ ತುದಿಗಳು ಹೊಳೆಯಲ್ಲಿ ಸಿಗುವ ಗುಂಡುಕಲ್ಲಿನಷ್ಟು ನುಣುಪಾಗಿದ್ದವು. ಒಂದು ಗೆರೆಯೂ ಇರಲಿಲ್ಲ. "ಮುಖ ತೋರ್ಸು ಅಂದಿದ್ದೆ. ರುಮಾಲು ಸುತ್ಕಂಡ್ರೆ ಬಾಗ್ಲು ತೆಗೀತದೆ. ರಾತ್ರಿ ರುಮಾಲು ಬಿಚ್ಚಿಟ್ಟು ಮಲ್ಗಿದ್ನಾ, ಎದ್ದು ನೋಡುದ್ರೆ ನನ್ನ ಗುರುತೇ ಇಲ್ಲ ಅದಕ್ಕೆ. ನಾಯಿ ಇಂಗೆ ಮಾಡುದ್ರೆ ಮನೇಲಿಟ್ಕಂತೀಯಾ?"

ಬೀಗವನ್ನೇ ತೆಗೆದುಬಿಡಬಹುದು ಎಂದು ತೋರಿಸಿದೆ. ಅದಲ್ಲ ಮುಖ್ಯ ಎಂದು ಕೈ ಆಡಿಸಿದರು.

"ದೂರ ಕಾಣ್ತದೆ, ಸುಳ್ಳು ಹೇಳಬಾರ್ದು. ಎದುರು ಗುಡ್ಡದ ಜಾಲಿ ಮುಳ್ಳು ಎಣಿಸ್ಬೋದು. ಆದ್ರೆ ನಾನು ತೋರಿಸಿದ ಕಡೆ ಮಾತ್ರ ಕಾಣ್ತದೆ. ಎಲ್ಲಿ ತೋರಿಸ್ಬೇಕು ಅನ್ನಾದು ನನಗೆ ಗೊತ್ತಾಗ್ಬೇಕಲ್ಲಾ? ಕುರಿ ಎಲ್ಲೈತೆ ಅಂತ ಗೊತ್ತಿದ್ರೆ ಇದ್ಯಾಕ್ಲಾ ಬೇಕು?"

ಕಂಬಳಿಯನ್ನು ಮೊಳೆಯಿಂದ ತೆಗೆದು ಕೊಟ್ಟೆ. ಹೆಗಲಿಗೆ ಹಾಕಿಕೊಂಡು, ಮೆಟ್ಟಿಲು ಇಳಿದು, ಮತ್ತೆ ತಿರುಗಿ, "ಹತ್ರದ್ದೇನೋ ಒಂದು ತೋರಿಸ್ತು. ಅದಿರ್ಲಿ, ನಿನಗೆ ಬ್ಯಾಡ" ಎಂದು ಹೋದರು. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ವಾರ ಕಳೆದು ಮತ್ತೆ ಬಂದಾಗ ಅವರೇ ಒಂದು ಉಪಾಯ ಹೊತ್ತು ತಂದಿದ್ದರು. ಹೇಳುವಾಗ ಎಂಥ ಖುಷಿ! ಮಂದೆಯ ಮುಂದೆ ನಡೆಯುವುದು ಒಂದು ಹೋತ, ಗಡ್ಡದ ಗಂಡುಮೇಕೆ. ಅದು ಎಲ್ಲಿ ಹೋದರೆ ಕುರಿಗಳೂ ಅಲ್ಲಿ. ತಮ್ಮ ಹಳೆಯ ಗುಂಡಿ ಒತ್ತುವ ಫೋನನ್ನು ಒಂದು ಚೀಲದಲ್ಲಿ ಹಾಕಿ ಹೋತದ ಕೊರಳಿಗೆ ಕಟ್ಟುವುದು. ತಾವು ಇನ್ನೊಂದು ಸಾದಾ ಫೋನು ಇಟ್ಟುಕೊಳ್ಳುವುದು. ಕಣ್ಣಿಗೆ ಕಾಣದಿದ್ದರೆ ಹೋತಕ್ಕೆ ಫೋನು ಮಾಡುವುದು. ಎಲ್ಲಿ ರಿಂಗಾಗುತ್ತದೋ ಅಲ್ಲಿ ಮಂದೆ.

"ಕಣ್ಣು ಹೋದ್ರೂ ಕಿವಿ ಹೋಗಿಲ್ವಲ್ಲಾ!"

ಒಳ್ಳೆಯ ಉಪಾಯವೇ. ಆದರೆ ಫೋನಿನ ಟಿಣಿಟಿಣಿಗೆ ಹೋತ ಬೆದರುತ್ತದೆ, ಬೇರೆ ದನಿ ಹಾಕು ಎಂದರು. ಯಾವ ದನಿ ಎಂದೆ. ಅಂಗಡಿಯ ನಡುವೆ ಎದ್ದು ನಿಂತು, ಎರಡು ಕೈಯನ್ನೂ ಬಾಯಿಗೆ ಕೊಟ್ಟು ಕೂಗಿದರು. "ಹುರ್ರ್ರ್... ಹೋಹೋಹೋ... ಬಾರೋ ಬಾ, ಬಾರೋ ಬಾ!" ಬಸ್ಸಿಗೆ ಕಾಯುತ್ತಿದ್ದವರೆಲ್ಲ ಒಳಗೆ ಇಣುಕಿದರು. ಅದನ್ನೇ ಹಿಡಿದು ರಿಂಗಿಗೆ ಹಾಕಿದೆ. ಸ್ಪೀಕರು ಬಿಚ್ಚಿ ದೊಡ್ಡದನ್ನು ಕೂರಿಸಿದೆ. ನನ್ನ ಕೆಲಸದಲ್ಲಿ ಯಾವತ್ತೂ ಕೊರತೆ ಇರುವುದಿಲ್ಲ. ಆ ಫೋನು ಕೂಗಿದರೆ ಅರ್ಧ ಮೈಲಿ ಕೇಳುತ್ತಿತ್ತು.

ಹಟ್ಟಿಯಲ್ಲಿ ಅದೇ ಮಾತಾಯಿತು. ಯಜಮಾನರ ಹೋತಕ್ಕೂ ನಂಬರಿದೆ ಎಂದು ಹುಡುಗರು ನಗುತ್ತಿದ್ದರು. ಅಜ್ಜಿ ಪಾವಗಡದ ಕಡೆಯವರು, ತೆಲುಗು ಬೆರೆಸಿಯೇ ಮಾತು. ರೀಚಾರ್ಜಿಗೆ ಬಂದವರು ನನ್ನೆದುರೇ ಗಂಡನನ್ನು ತರಾಟೆಗೆ ತೆಗೆದುಕೊಂಡರು.

"ಏಮಯ್ಯಾ, ನಲವತ್ತು ವರ್ಷ ಸಂಸಾರ ಮಾಡಿದ ನನಗೊಂದು ಫೋನಿಲ್ಲ, ಹೋತಕ್ಕೆ ಬಂತಾ?"

"ನೀನು ತಪ್ಪಿಸ್ಕಂಡ್ ಹೋಗು, ನಿನಗೂ ಕಟ್ತೀನಿ" ಎಂದರು ಇವರು.

"ತಪ್ಪಿಸ್ಕಂಡ್ ಹೋಗಾಗಿದ್ರೆ ಇಷ್ಟೊತ್ತಿಗೆ ಹೋಗಿರ್ತಿದ್ದೆ" ಎಂದು ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಬೇಸಗೆ ಮುಗಿಯುತ್ತಾ ಬರುವವರೆಗೂ ಅದು ನಡೆಯಿತು. ಒಂದು ಕುರಿಯೂ ಗುಡ್ಡದಲ್ಲಿ ಉಳಿಯಲಿಲ್ಲ. ಸಂಜೆ ಊರ ಕಡೆಯ ಇಳಿಜಾರಿನಲ್ಲಿ ಅವರ ಕೂಗು ಎರಡು ಕಡೆಯಿಂದ ಕೇಳುತ್ತಿತ್ತು. ಒಂದು ಅವರ ಬಾಯಿಂದ, ಇನ್ನೊಂದು ಹೋತದ ಕೊರಳಿಂದ.

ಒಂದು ಮಧ್ಯಾಹ್ನ ಅಂಗಡಿಗೆ ಅವರದೇ ಫೋನು ಬಂತು. "ಲೇ ರಿಪೇರಿ, ಬೈಕು ತಗಂಡು ಗುಡ್ಡದ ತಾವ ಬಾರ್ಲಾ."

ನಡೆದದ್ದು ಇಷ್ಟು. ಉರಿಬಿಸಿಲಿಗೆ ಮಂದೆಯನ್ನು ಜಾಲಿ ಮರಗಳ ನೆರಳಿಗೆ ನಿಲ್ಲಿಸಿ ಅವರು ಆಚೆಯ ಬಂಡೆಯ ಮರೆಯಲ್ಲಿ ಸ್ವಲ್ಪ ಒರಗಿದ್ದಾರೆ. ಗಾಢ ನಿದ್ದೆ ಹತ್ತಿದೆ. ಆಗ ಯಾವುದೋ ಕಂಪನಿಯವರು, ಸಾಲ ಬೇಕೇ ಎಂದು ಕೇಳುವವರು, ಹೋತದ ನಂಬರಿಗೆ ಫೋನು ಮಾಡಿದ್ದಾರೆ. ಹೋತದ ಕೊರಳಲ್ಲಿ ಯಜಮಾನರು ಕೂಗಿದ್ದಾರೆ, ಬಾರೋ ಬಾ ಎಂದು. ಮಂದೆ ಎದ್ದು ನಿಂತಿದೆ. ಬೇರೆ ದಿನ ಕೂಗು ಕೇಳಿದ ಕೂಡಲೇ ಅವರು ಎದುರು ಬಂದು ನಿಲ್ಲುತ್ತಿದ್ದರು, ಹೋತದ ಗಡ್ಡ ನೇವರಿಸುತ್ತಿದ್ದರು. ಅವತ್ತು ಯಾರೂ ಬರಲಿಲ್ಲ. ಯಜಮಾನರು ಎಲ್ಲಿ ಎಂದು ಹೋತ ಹುಡುಕಿಕೊಂಡು ಹೊರಟಿದೆ. ಅದು ನಡೆದ ಹಾಗೆ ದನಿಯೂ ಅದರ ಜೊತೆಗೇ ನಡೆದಿದೆ. ಕಂಪನಿಯವರು ಬಿಡದೆ ಮತ್ತೆ ಮತ್ತೆ ಮಾಡಿದ್ದಾರೆ. ದನಿಯ ಹಿಂದೆ ಹೋತ, ಹೋತದ ಹಿಂದೆ ಮಂದೆ, ಗುಡ್ಡ ದಾಟಿ ಆ ಕಡೆಯ ಕುರುಚಲು ಕಾಡಿಗೆ. ಇವರು ಎದ್ದು ನೋಡಿದರೆ ನೆಲದ ಮೇಲೆ ಹಿಕ್ಕೆ ಬಿಟ್ಟರೆ ಏನೂ ಇಲ್ಲ.

ಬೈಕಿನ ಹಿಂದೆ ಅವರನ್ನು ಕೂರಿಸಿಕೊಂಡು ಬಂಡಿಜಾಡು ಹಿಡಿದೆ. ನಿಂತಲ್ಲೆಲ್ಲ ಹೋತಕ್ಕೆ ಫೋನು ಮಾಡಿದರು. ಆ ಕಡೆ ಸಿಗ್ನಲ್ ಇಲ್ಲ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಂಗಸಿನ ದನಿ ಹೇಳುತ್ತಿತ್ತು.

"ಹೊರಗವ್ರೆ ಅಂತ ನನಗೆ ಗೊತ್ತಿಲ್ವೇನಮ್ಮ! ಎಲ್ಲವ್ರೆ ಅಂತ ಹೇಳು!" ಎಂದು ಫೋನಿನ ಮೇಲೆ ರೇಗಿದರು. ನನಗೆ ನಗು ಬಂತು, ನಗಲಾಗಲಿಲ್ಲ. ಅವರು ಆಗಲೇ ಮತ್ತೆ ಅದೇ ನಂಬರು ಒತ್ತುತ್ತಿದ್ದರು.

ಹೊತ್ತು ಇಳಿಯುವಾಗ ಒಂದು ದಿಣ್ಣೆಯ ಮೇಲೆ ರಿಂಗಾಯಿತು. ಕೆಳಗಿನ ಕೊರಕಲಿನಿಂದ ಅವರದೇ ದನಿ ಬಂತು. ಬಾರೋ ಬಾ, ಬಾರೋ ಬಾ. ಅವರು ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿ ನಿಂತಿದ್ದರು. ತಮ್ಮನ್ನೇ ಯಾರೋ ಕರೆಯುತ್ತಿದ್ದಾರೆ ಎಂಬಂತೆ ಕಿವಿ ಆ ಕಡೆ ಕೊಟ್ಟು ನಿಂತದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಇಳಿದು ನೋಡಿದರೆ ಮಂದೆ ಮುಳ್ಳುಗಳ ನಡುವೆ ಒತ್ತಿಕೊಂಡು ನಿಂತಿತ್ತು. ಹೋತ ಇವರನ್ನು ಕಂಡು ಓಡಿಬಂದು ತೊಡೆಗೆ ತಲೆ ಒರೆಸಿತು.

ರೊಪ್ಪಕ್ಕೆ ಹೊಡೆದುಕೊಂಡು ಬಂದಾಗ ಸಂಜೆ. ಒಂದೊಂದು ಕುರಿಯೂ ಒಳಗೆ ನುಗ್ಗುವಾಗ ಬೆನ್ನ ಮೇಲೆ ಕೈ ಇಟ್ಟು ನೋಡಿದರು. ಕಣ್ಣಿನ ಲೆಕ್ಕ ಬಿಟ್ಟು ಕೈಯ ಲೆಕ್ಕ ಹಿಡಿದಿದ್ದರು. ಕೊನೆಯದು ಹೋದ ಮೇಲೂ ಕೈ ಹಾಗೆಯೇ ಗಾಳಿಯಲ್ಲಿ ಚಾಚಿಕೊಂಡಿತ್ತು. ಗಬ್ಬದ ಕುರಿಯೊಂದು ಬಂದಿರಲಿಲ್ಲ. ಮತ್ತೆ ಹೋಗಿ ಕತ್ತಲಾಗುವವರೆಗೆ ಹುಡುಕಿದೆವು, ಸಿಗಲಿಲ್ಲ.

ಅಜ್ಜಿ ರೊಪ್ಪದ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಸರ್ಲೆ ಬುಡು. ಒಂದೇ ತಾನೆ ಹೋಗಿದ್ದು."

"ನೀನು ಅಂದಿದ್ದೂ ಒಂದು ಅಂತಾನೇ ಅಲ್ವೇನೆ" ಎಂದರು ಇವರು.

"ನಾನೇನೋ ಸಿಟ್ಟಿನಾಗೆ ಅಂದೆ."

"ಸಿಟ್ಟಿನಾಗೆ ಅಂದ್ರೂ ಸರಿಯಾಗೇ ಅಂದಿದ್ದೆ."

ನೀರು ಕುಡಿದು ಚೊಂಬು ಕೊಟ್ಟರು. ನಾನು ಸುಮ್ಮನಿರಲಾರದೆ, ಹೋತದ ನಂಬರಿಗೆ ಹೊರಗಿನವರ ಫೋನು ಬರದ ಹಾಗೆ ಮಾಡಿಕೊಡುತ್ತೇನೆ, ಇನ್ನು ಮೇಲೆ ಹೀಗಾಗುವುದಿಲ್ಲ ಎಂದೆ. ಅದು ಆಗುವ ಕೆಲಸವೇ ಆಗಿತ್ತು.

"ನಿನ್ನ ಕೆಲ್ಸದಾಗೆ ತಪ್ಪಿಲ್ಲ ಕಣ್ಲಾ ರಿಪೇರಿ. ಫೋನಿಂದೂ ತಪ್ಪಿಲ್ಲ, ಹೋತದ್ದೂ ತಪ್ಪಿಲ್ಲ. ಬಾ ಅಂತ ಕರ್ದೋನು ಅಲ್ಲಿರ್ಬೇಕಾಗಿತ್ತು." ನನ್ನ ಕಿವಿಯ ಪಕ್ಕಕ್ಕೆ ನೋಡಿದರು. "ನಾನಿಲ್ದಿದ್ ತಾವ ನನ್ನ ದನಿ ನಂಬ್ಕಂಡು ಹೋದ್ವಲ್ಲಾ ಅವು."

ಮಂದೆಯನ್ನು ಕೊರಟಗೆರೆ ಕಡೆಯವನೊಬ್ಬ ಒಟ್ಟಿಗೆ ಕೊಂಡ. ಶಿರಾ ಸಂತೆಗೆ ಹೊಡೆದು ಕಟುಕರಿಗೆ ಬಿಡಿಬಿಡಿಯಾಗಿ ಮಾರಲು ಇವರು ಒಪ್ಪಿರಲಿಲ್ಲ. ಮೇಯಿಸುವವನೇ ಕೊಳ್ಳಬೇಕು ಎಂದು ಕಾದು ಕೂತಿದ್ದರು. ಕೊಡುವ ಹಿಂದಿನ ದಿನ ಹೋತದ ಕೊರಳ ಫೋನನ್ನು ಬಿಚ್ಚಿ ನನ್ನಲ್ಲಿಗೆ ತಂದರು. ಅದರ ಚೀಲಕ್ಕೆ ಹೋತದ ಕೂದಲು ಮೆತ್ತಿಕೊಂಡಿತ್ತು.

"ದನಿ ಅಳಿಸ್ಬುಡು."

"ಇರ್ಲಿ ಬುಡಿ ಯಜಮಾನ್ರೇ, ಫೋನು ನಿಮ್ಮತ್ರಾನೇ ಇರ್ತದಲ್ಲ."

"ಕೊಳ್ಳೋನು ಅದನ್ನೂ ಕೇಳವ್ನೆ. ಮಂದೆ ಹೊಸ ಜಾಗಕ್ಕೆ ಹೊಂದಾಗಂಟ ನಿಮ್ಮ ಕೂಗಿರ್ಲಿ ಅಂದ. ಕೊಡಲ್ಲ ಅಂದೆ. ಇನ್ನು ಅವನ ದನಿ ಕಲೀಬೇಕು ಅವು. ನನ್ನ ದನಿ ಅಲ್ಲೆಲ್ಲೋ ಕೂಗ್ತಾ ಇದ್ರೆ ಪಾಪ, ತಿರುತಿರುಗಿ ನೋಡ್ತಾವೆ."

ಅಳಿಸಿದೆ. ನನ್ನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನೂ ಕೇಳಿ, ಅಳಿಸುವವರೆಗೆ ಎದ್ದು ಹೋಗಲಿಲ್ಲ.

ಮಂದೆ ಹೋದ ಮೇಲಿನ ಸಂತೆಯ ದಿನ ಮತ್ತೆ ಬಾಗಿಲಲ್ಲಿ ನಿಂತಿದ್ದರು. ಕೋಲು ಇರಲಿಲ್ಲ. ಕಂಬಳಿ ಇತ್ತು.

"ಲೇ ರಿಪೇರಿ, ಆ ನಾಕು ಕಣ್ಣಿಂದು ಐತಾ?"

ಇತ್ತು. ಆದರೆ ನಾನು ತೆಗೆಯಲಿಲ್ಲ. ಈ ಮನುಷ್ಯ ದುಃಖದಲ್ಲಿ ದುಡ್ಡು ಹಾಳುಮಾಡುತ್ತಾರೆ ಎನಿಸಿತು. "ಮಂದೆ ಇಲ್ದ ಮ್ಯಾಲೆ ದೂರದ್ದೇನು ನೋಡ್ತೀರಿ? ನಾನು ಮಾರೋನು, ಆದ್ರೂ ಹೇಳ್ತೀನಿ. ನಿಮಗಿದು ದಂಡ."

"ದೂರದ್ದಕ್ಕಲ್ಲ" ಎಂದು ಬೆಂಚಿನ ಮೇಲೆ ಕೂತರು. ಗಿರಾಕಿಗಳು ಹೋದ ಮೇಲೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡು ಹೇಳಿದರು. "ಅವತ್ತು ಒಂದು ರಾತ್ರಿ ಒಯ್ದಿದ್ನಲ್ಲ. ಜಗಲಿ ಮ್ಯಾಲೆ ಕುಂತು ಅದ್ಯಾವುದೋ ಒತ್ತಿದೆ. ಅವಳು ಎದುರಿಗೆ ರಾಗಿ ಕೇರ್ತಾ ಇದ್ಲು. ಅವಳ ಮುಖ ಬಂತು ಕಣ್ಲಾ, ಮೊರದಗಲ. ನಾನು ಅವಳ ಮುಖ ಸರ್ಯಾಗಿ ಕಂಡು ಎಷ್ಟು ದಿನ ಆಗಿತ್ತೋ ಏನೋ. ನೋಡ್ತೀನಿ, ಮೂಗುಬೊಟ್ಟಿನಾಗೆ ಕಲ್ಲಿಲ್ಲ. ಬರೀ ಗೂಡು. ಕಲ್ಲು ಯಾವಾಗ್ಲೇ ಬಿತ್ತು ಅಂದೆ. ಎಲ್ಡು ವರ್ಷ ಆಯ್ತು ಅಂದ್ಲು. ಹೇಳ್ಲಿಲ್ವಲ್ಲೇ ಅಂದೆ."

"ಏನಂದ್ರು?"

"ಹೇಳುದ್ರೆ, ನಿನಗೆ ಕಾಣ್ತಿಲ್ಲ ಅಂತ ನಿನಗೆ ಗೊತ್ತಾಗ್ತಿತ್ತು, ಅದಕ್ಕೆ ಹೇಳ್ಲಿಲ್ಲ ಅಂದ್ಲು."

ಹೊರಗೆ ಬಸ್ಸು ಬಂದು ನಿಂತು ಹೋಯಿತು. ನಾನು ಎದ್ದು ಡಬ್ಬಿ ತೆಗೆದೆ. ಬೀಗ, ಬೆರಳು, ಮುಖ ಎಲ್ಲ ತೆಗೆದುಹಾಕಿ, ಒಂದು ಸಲ ಒತ್ತಿದರೆ ಎದುರಿಗಿದ್ದದ್ದು ದೊಡ್ಡದಾಗಿ ಕಾಣುವಂತೆ ಮಾಡಿಕೊಟ್ಟೆ.

ಬೆಲೆಯನ್ನು ಅವರು ಬಾಯಲ್ಲಿ ಮಾತಾಡುವವರಲ್ಲ. ಕುರಿ ವ್ಯಾಪಾರದಲ್ಲಿ ಬಟ್ಟೆಯ ಮರೆಯಲ್ಲಿ ಕೈ ಹಿಡಿದು ಬೆರಳು ಒತ್ತಿಯೇ ಬೆಲೆ ಕಟ್ಟುವುದು. ಕಂಬಳಿಯನ್ನು ಹೆಗಲಿನಿಂದ ಇಳಿಸಿ ನನ್ನ ಕೈ ಮೇಲೆ ಹಾಸಿದರು. ಅದರ ಕೆಳಗೆ ಅವರ ನುಣುಪು ಬೆರಳುಗಳು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದವು. ಚೌಕಾಸಿಯನ್ನೇ ಮಾಡಲಿಲ್ಲ. ನಾನು ಒಂದು ಬೆರಳು ಹಿಂದಕ್ಕೆ ಎಳೆದುಕೊಂಡೆ, ಅಂದರೆ ಅಷ್ಟು ಬಿಟ್ಟೆ ಎಂದು. ಅವರು ಆ ಬೆರಳನ್ನು ಹುಡುಕಿ ಮತ್ತೆ ಹಿಡಿದರು.

ದುಡ್ಡು ಎಣಿಸಿಕೊಟ್ಟರು, ಫೋನು ಜೇಬಿಗೆ ಹಾಕಿಕೊಂಡರು, ಹೊರಟರು. ಕಂಬಳಿ ಬೀರುವಿನ ಮೇಲೆಯೇ ಇತ್ತು.

"ಯಜಮಾನ್ರೇ, ಕಂಬ್ಳಿ ಮರ‍್ತ್ರಿ."

"ಮರ‍್ತಿಲ್ಲ ಕಣ್ಲಾ" ಎಂದರು, ತಿರುಗದೆ.

ಅಜ್ಜಿಯ ಮೂಗುಬೊಟ್ಟಿಗೆ ಮುಂದಿನ ಸಂತೆಯೊಳಗೆ ಕೆಂಪು ಕಲ್ಲು ಬಂದಿತ್ತು. ಯಜಮಾನರು ಮನೆಯಲ್ಲಿ ಹೊತ್ತು ಹೋಗದೆ ನನ್ನ ಬೆಂಚಿಗೆ ಬಂದು ಕೂರತೊಡಗಿದರು. ನಾನು ಅವರ ಕಂಬಳಿಯನ್ನೇ ಬೆಂಚಿಗೆ ಹಾಸಿದೆ. ಅದರ ಮೇಲೆ ಕೂತು, ಬಂದವರ ಫೋನುಗಳ ಬೆನ್ನು ಒತ್ತುತ್ತಾ, ಬಾಯಿ ಹುಡುಕುತ್ತಾ, ಜಗಳವಾಡುತ್ತಾ ಮೂರು ವರ್ಷ ಕಳೆದರು. ಫೋನು ಕೊಳ್ಳಲು ಬಂದವರನ್ನು ಅವರು ಮೊದಲು ಕೇಳುತ್ತಿದ್ದದ್ದು ದುಡ್ಡೆಷ್ಟಿದೆ ಎಂದಲ್ಲ, "ಇದ್ರಾಗೆ ಯಾರನ್ನ ನೋಡ್ಬೇಕು ನಿನಗೆ?" ಎಂದು. ಯಾರನ್ನೂ ಇಲ್ಲ ಎಂದವರಿಗೆ ಸಾದಾ ಫೋನು ತೋರಿಸಲು ನನಗೆ ಕಣ್ಣು ಸನ್ನೆ ಮಾಡುತ್ತಿದ್ದರು. ಆ ಸನ್ನೆಯೂ ನನ್ನ ಕಿವಿಗೇ ಬರುತ್ತಿತ್ತು.

ಶ್ರಾವಣದಲ್ಲಿ ಅವರು ಹೋದ ದಿನ ಅಂಗಡಿ ಮುಚ್ಚಿ, ಕಂಬಳಿ ಕೊಡವಿ ಮಡಿಸಿಕೊಂಡು ಹಟ್ಟಿಗೆ ಹೋದೆ. ಅವರ ಮೇಲೆ ಹೊದಿಸಬೇಕು ಎಂಬುದು ನನ್ನ ಆಸೆ. ಅಜ್ಜಿ ಕಂಬಳಿಯನ್ನು ಮುಟ್ಟಿ ನೋಡಿ ನನ್ನ ಕೈಗೇ ವಾಪಸು ಕೊಟ್ಟರು. "ಫೋನು ನಮ್ಮತ್ರ ಉಳೀತು, ಕಂಬ್ಳಿ ನಿನ್ನತ್ರ ಉಳೀತು, ಅದು ವ್ಯಾಪಾರ ಆಗೋಗೈತೆ ಕಣಯ್ಯಾ. ಅವ್ರು ಇಷ್ಟಪಟ್ಟು ಇಟ್ಟೋಗಿದ್ದು. ತಗಂಡೋಗು." ಆ ಅಳುವಿನ ನಡುವೆಯೂ ಮೂಗಿನ ಕಲ್ಲು ಹೊಳೆಯುತ್ತಿತ್ತು.

ಈಗ ವಯಸ್ಸಾದವರು ಯಾರು ಬಂದರೂ ಫೋನನ್ನು ಒಂದು ರಾತ್ರಿ ಮನೆಗೆ ಕೊಟ್ಟು ಕಳಿಸುತ್ತೇನೆ. ಅಂಗಡಿ ನಡೆಸುವ ರೀತಿ ಇದಲ್ಲ ಎಂದು ಶಿರಾದವರು ನಗುತ್ತಾರೆ, ನಗಲಿ. ಈವರೆಗೆ ಒಂದೂ ಬಾರದೆ ಉಳಿದಿಲ್ಲ.

ನನ್ನ ಹತ್ತಿರ ಈಗ ಇರುವುದು: ಸ್ವಂತ ಮಳಿಗೆ ಒಂದು. ಹೆಂಡತಿ, ಮಗಳು. ಬೈಕು ಒಂದು. ಗಾಜಿನ ಬೀರು ಎರಡು. ಬೆಸುಗೆ ಹಾಕುವ ಕಡ್ಡಿ ಎರಡು, ಅದರಲ್ಲೊಂದು ಉಸ್ತಾದರು ಕೊಟ್ಟದ್ದು. ಬೆಂಚು ಒಂದು. ಕಂಬಳಿ ಒಂದು.